ಎರಡನೆಯ ಬ್ರೇಕು

ಹಸಿರು ಬಿದ್ದಾಗಿದೆ, ಬಿದ್ದು ಎಷ್ಟೋ ಹೊತ್ತಾಗಿದೆ, ಹಿಂದಿನ ಲಾರಿಯವನು ಹಾರ್ನಿನ ಮೇಲೆ ಅಂಗೈ ಊರಿಕೊಂಡೇ ಕೂತಿದ್ದಾನೆ, ಆದರೂ ಹೆಡ್ ಮಿಸ್ಸು ಮಿಸುಕುತ್ತಿಲ್ಲ, ಸ್ಟಿಯರಿಂಗನ್ನು ತುಂಟ ಹುಡುಗನ ಕಿವಿಯ ಹಾಗೆ ಎರಡೂ ಕೈಯಲ್ಲಿ ಹಿಡಿದು, ಕನ್ನಡಿಯಲ್ಲಿ ಲಾರಿಯವನನ್ನು ದುರುಗುಟ್ಟಿ ನೋಡುತ್ತಾ, ಅರಚಲಿ ಬಿಡಿ ಮೇಷ್ಟ್ರೇ, ಅರಚೋರಿಗೆಲ್ಲ ಹೆದರಿದ್ದಿದ್ರೆ ನಾನು ಅಷ್ಟು ವರ್ಷ ಸ್ಕೂಲು ನಡೆಸೋಕಾಗ್ತಿತ್ತಾ — ಕ್ಲಚ್ಚು ಮೇಡಂ, ಕ್ಲಚ್ಚು ನಿಧಾನಕ್ಕೆ ಬಿಡಿ, ಅನ್ನುತ್ತಾನೆ ಪಕ್ಕದ ಸೀಟಿನ ಅವನು, ಅನ್ನುವಷ್ಟರಲ್ಲಿ ಕಾರು ಕಪ್ಪೆಯ ಹಾಗೆ ಕುಪ್ಪಳಿಸಿ, ಕೆಮ್ಮಿ, ಹೇಗೋ ಉರುಳತೊಡಗುತ್ತದೆ, ಅವನ ಬಲಗಾಲು ಆಗಲೇ ಎರಡನೆಯ ಬ್ರೇಕಿನ ಮೇಲೆ ಹೋಗಿ ತೂಗುತ್ತಾ ನಿಂತಿದೆ, ಮುಟ್ಟದೆ, ಮುಟ್ಟಲು ತಯಾರಾಗಿ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರ ಕಾಲಡಿಗೆ ಒಂದು ಬ್ರೇಕು, ಪಕ್ಕದಲ್ಲಿ ಕೂತು ಕಲಿಸುವವನ ಕಾಲಡಿಗೆ ಇನ್ನೊಂದು, ಆ ಇನ್ನೊಂದರ ಮೇಲೆ ಕಾಲು ತೂಗಿಸಿಕೊಂಡೇ ಅವನ ತಲೆ ನರೆತದ್ದು, ಬಸ್ಸಿನಲ್ಲಿ ಕೂತರೂ ಪಾದ ನೆಲ ಒತ್ತುತ್ತದೆ, ಊಟಕ್ಕೆ ಕೂತಾಗ ಹೆಂಡತಿ ಯಾರದೋ ಮನೆಯ ಸುದ್ದಿ ಎತ್ತಿದರೆ ಮೇಜಿನ ಕೆಳಗೆ ಪಾದ ನೆಲ ಒತ್ತುತ್ತದೆ, ಮಗಳು ಚಿಕ್ಕವಳಿದ್ದಾಗ ಮೇಜಿನಡಿಗೆ ಬಗ್ಗಿ ನೋಡಿ, ಅಮ್ಮಾ, ಅಪ್ಪ ನಿಂಗೆ ಬ್ರೇಕ್ ಹಾಕ್ತಿದ್ದಾನೆ ನೋಡು, ಅಂತ ಕಿಸಿಕಿಸಿ ನಗುತ್ತಿದ್ದಳು, ಹೆಂಡತಿಯೂ ನಗುತ್ತಿದ್ದಳು, ಅವನೂ ನಕ್ಕಿದ್ದಾನೆ, ಆಗೆಲ್ಲ ಅದು ಬರೀ ತಮಾಷೆ.

ಮುಂದೆ ಎಡಕ್ಕೆ ತಿರುಗಿಸಿ ಮೇಡಂ. ಎಡಕ್ಕಾ, ದಿನಾ ಬಲಕ್ಕಲ್ವಾ, ಮೈದಾನದ ಕಡೆ? ಇವತ್ತು ಸೇತುವೆ ದಾಟೋಣ. ಅಯ್ಯೋ ಸೇತುವೆ, ಕೆಳಗೆ ನೀರಿರುತ್ತೆ ಮೇಷ್ಟ್ರೇ, ನನಗೆ ಈಜು ಬರಲ್ಲ. ಕಾರಿಗೂ ಬರಲ್ಲ ಮೇಡಂ, ಅದಕ್ಕೇ ಮೇಲೇ ಹೋಗೋಣ, ಇಂಡಿಕೇಟರ್ ಹಾಕಿ — ನಗಿಸಿ ಹೇಳಿದನಾದರೂ ಕಣ್ಣು ಗಡಿಯಾರದ ಮೇಲಿದೆ, ಯಾಕೆಂದರೆ ಸೇತುವೆಯ ಆಚೆಗೆ ಆಸ್ಪತ್ರೆ, ಆಸ್ಪತ್ರೆಯ ಹಿಂದಿನ ಏರುರಸ್ತೆಯಲ್ಲಿ ಮಗಳ ಮನೆ, ಮನೆಯ ಮುಂದೆ ಇಷ್ಟು ಹೊತ್ತಿಗೆ ಸಾಮಾನಿನ ವ್ಯಾನು ಬಂದು ನಿಂತಿರಬೇಕು. ನಿನ್ನೆ ಫೋನಿಗೆ ಬಂದ ಸಂದೇಶ ಅಷ್ಟೇ, ಅಪ್ಪ, ನಮ್ಮಿಬ್ಬರಿಗೂ ಬೇರೆ ಊರಿನ ಆಸ್ಪತ್ರೆಯಲ್ಲಿ ಒಂದೇ ಆಂಬುಲೆನ್ಸಿನಲ್ಲಿ ಕೆಲಸ ಸಿಕ್ಕಿದೆ, ನಾಳೆ ಬೆಳಿಗ್ಗೆ ಸಾಮಾನು ತುಂಬಿಕೊಂಡು ಹೊರಡ್ತೀವಿ, ಮಾತ್ರೆ ಮರೀಬೇಡ. ಬಾ ಅಂತಲೂ ಇಲ್ಲ, ಬರಬೇಡ ಅಂತಲೂ ಇಲ್ಲ. ಅವಳು ಹೊರಡುವುದರೊಳಗೆ ಅವನು ಒಂದು ಮಾತು ಹೇಳಬೇಕು, ಫೋನಿನಲ್ಲಲ್ಲ, ಎದುರಿಗೆ, ಇವತ್ತು ಆಗದಿದ್ದರೆ ಮುಂದೆಯೂ ಆಗುವುದಿಲ್ಲ ಎಂದು ಅವನಿಗೆ ಗೊತ್ತು, ತನ್ನನ್ನು ತಾನು ಇಷ್ಟು ವರ್ಷ ನೋಡಿದ್ದಾನೆ. ಆದರೆ ಬೆಳಿಗ್ಗೆ ಹೆಡ್ ಮಿಸ್ಸಿನ ಪಾಠ ಇತ್ತು, ಇನ್ನೆರಡು ದಿನಕ್ಕೆ ಅವರ ಲೈಸೆನ್ಸ್ ಪರೀಕ್ಷೆ, ಪಾಠ ತಪ್ಪಿಸಿದರೆ ಅವರು ಬಿಡುವ ಪೈಕಿ ಅಲ್ಲ, ಸರಿ, ಪಾಠವನ್ನೇ ಆ ಕಡೆಗೆ ಹೊಡೆದುಕೊಂಡು ಹೋಗುವುದು. ಹೊರಡುವಾಗ, ಎಲ್ಲಿಗೆ, ಅಂದಿದ್ದಳು ಹೆಂಡತಿ, ಅಂಗಳದಲ್ಲಿ, ಕೈಯಲ್ಲಿ ಪಾಠದ ಕೋಲು. ಮುಂದಿನ ಕೋಣೆಯಲ್ಲಿ ಹೊಸಬರಿಗೆ ರಸ್ತೆಯ ಗುರುತುಗಳನ್ನು ಹೇಳಿಕೊಡುವವಳು ಅವಳೇ, ಗೋಡೆ ತುಂಬ ಕೆಂಪು ವೃತ್ತ, ಕೆಂಪು ತ್ರಿಕೋನ, ಕೋಲಿನ ತುದಿ ಒಂದೊಂದರ ಮೇಲೂ ಟಕ್ ಟಕ್, ಇದೇನು, ಒಳಗೆ ಬರಬಾರದು, ಇದೇನು, ತಿರುಗಬಾರದು, ಇದೇನು. ಕಾರಿನ ನೆತ್ತಿಯ ಮೇಲಿನ ಬೋರ್ಡು ಇರಲಿಲ್ಲ. ಅಯಸ್ಕಾಂತದಿಂದ ಕಚ್ಚಿ ಕೂರುವ ಹಳದಿ ಬೋರ್ಡು, ಮಗಳು ಹುಟ್ಟಿದ ವರ್ಷವೇ ಶುರುವಾದ ಸ್ಕೂಲು, ಅವಳದೇ ಹೆಸರು, ಅವಳ ಹೆಸರು ಇಷ್ಟು ವರ್ಷ ಊರಿನ ಒಂದು ಬೀದಿಯನ್ನೂ ಬಿಡದೆ ಸುತ್ತಿದೆ. ಮಂಚದ ಕೆಳಗಿಟ್ಟಿದ್ದೀನಿ, ಅಂದಳು ಹೆಂಡತಿ, ಬೇರೆ ಹೆಸರು ಬರೆಸೋಣ, ಆ ಹೆಸರು ನೋಡಿದಾಗೆಲ್ಲ ಜನ ಮಗಳು ಹೇಗಿದ್ದಾಳೆ, ಮದುವೆ ಯಾವಾಗ ಅಂತ ಕೇಳ್ತಾರೆ, ನಾನು ಎಷ್ಟು ಜನಕ್ಕೆ ಅಂತ ಸುಳ್ಳು ಹೇಳಲಿ. ಅವನು ಒಳಗೆ ಹೋಗಿ ಮಂಡಿಯೂರಿ ಬಗ್ಗಿ ಬೋರ್ಡನ್ನು ಎಳೆದುಕೊಂಡು ಬಂದು ಟಪ್ಪೆಂದು ನೆತ್ತಿಗೆ ಕಚ್ಚಿಸಿದ. ಮಗಳ ಹತ್ತಿರ ಹೋಗ್ತಿದ್ದೀನಿ, ಅಂದ. ಹೋಗಿ, ನಾನು ಹೇಳಿ ಕಳಿಸಿದೆ ಅಂತ ಮಾತ್ರ ಅನ್ನಬೇಡಿ. ಅನ್ನಲ್ಲ ಕಣೇ. ಅವಳು ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬೋರ್ಡನ್ನೇ ನೋಡುತ್ತಾ ನಿಂತಳು, ಆಮೇಲೆ ತಡೆಯಲಾಗದೆ, ವಾರೆ ಕೂತಿದೆ, ಗಾಳಿಗೆ ಹಾರಿ ಹೋಗುತ್ತೆ, ಅಂತ ಹತ್ತಿರ ಬಂದು ಎರಡೂ ಕೈಯಿಂದ ನೆಟ್ಟಗೆ ಮಾಡಿ, ಒತ್ತಿ, ತಿರುಗಿ ನೋಡದೆ ಒಳಗೆ ಹೋದಳು.

ಗೇರು ಬದಲಾಯಿಸಿ ಮೇಡಂ, ಎಂಜಿನ್ನು ಅಳ್ತಾ ಇದೆ. ಅಳ್ತಾ ಇಲ್ಲ ಮೇಷ್ಟ್ರೇ, ಅದು ಹಟ ಮಾಡ್ತಿದೆ, ಅಳೋದಕ್ಕೂ ಹಟಕ್ಕೂ ವ್ಯತ್ಯಾಸ ನನಗೆ ಚೆನ್ನಾಗಿ ಗೊತ್ತು — ಮಗಳು ಆವತ್ತು ಅಳಲೂ ಇಲ್ಲ, ಹಟವನ್ನೂ ಮಾಡಲಿಲ್ಲ, ಹವಾಮಾನ ಹೇಳುವವರ ಹಾಗೆ ಸಮವಾಗಿ ಹೇಳಿದಳು, ಈ ಕಾರಿನಲ್ಲೇ, ಈಗ ಹೆಡ್ ಮಿಸ್ಸು ಕೂತಿರುವ ಸೀಟಿನಲ್ಲೇ ಕೂತು. ಅವರ ಮನೆಯಲ್ಲಿ ಮುಖ್ಯವಾದ ಮಾತುಗಳೆಲ್ಲ ಕಾರಿನಲ್ಲೇ ಆಗುವುದು, ಮೊದಲಿನಿಂದಲೂ, ಯಾಕೆಂದರೆ ಮನೆಯಲ್ಲಿ ಬೆಳಗಿನಿಂದ ಸಂಜೆವರೆಗೂ ಕಲಿಯುವವರ ದಂಡು, ಮುಂದಿನ ಕೋಣೆಯಲ್ಲಿ ಕೆಮ್ಮಿದರೆ ಅಡುಗೆಮನೆಗೆ ಕೇಳುತ್ತದೆ, ಅದಕ್ಕೇ ಏನಾದರೂ ಹೇಳುವುದಿದ್ದರೆ ಒಂದು ರೌಂಡು ಹೋಗಿಬರೋಣವಾ ಅನ್ನುವುದು, ಗಾಜು ಏರಿಸುವುದು, ಕಾರು ಓಡುತ್ತಿರುವಾಗ ಮುಂದೆ ನೋಡಿಕೊಂಡು ಹೇಳುವುದು, ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಅವಳು ಗಣಿತದಲ್ಲಿ ಫೇಲಾದದ್ದು ಮಾರ್ಕೆಟ್ ರಸ್ತೆಯಲ್ಲಿ, ಅವನ ಅಮ್ಮ ಹೋದ ಸುದ್ದಿಯನ್ನು ಹೆಂಡತಿ ಅವನಿಗೆ ಹೇಳಿದ್ದು ರೈಲು ಗೇಟಿನ ಹತ್ತಿರ, ಕಾಲೇಜು ಬಿಟ್ಟು ಆಂಬುಲೆನ್ಸ್ ಓಡಿಸುತ್ತೇನೆಂದು ಮಗಳು ಹೇಳಿದ್ದು ಸರ್ಕಲ್ಲಿನಲ್ಲಿ, ಆಗ ಅವನು ಖುಷಿಗೆ ಅವಳಿಂದ ಆ ಸರ್ಕಲ್ಲಿಗೇ ಎಷ್ಟೋ ಸುತ್ತು ಹೊಡೆಸಿದ್ದ, ಹೆಂಡತಿ ಹಿಂದಿನ ಸೀಟಿನಿಂದ, ಅಪ್ಪ ಮಗಳಿಗೆ ತಲೆ ಕೆಟ್ಟಿದೆ, ನನಗೆ ವಾಂತಿ ಬರ್ತಿದೆ, ಅಂತ ಬೈಯುತ್ತಿದ್ದಳು. ಹಾಗೇ ಆವತ್ತೂ ರಜೆ ಹಾಕಿಕೊಂಡು ಬಂದು, ಒಂದು ರೌಂಡು ಹೋಗಿಬರೋಣವಾ ಅಂದಳು. ಅಂದಾಗಲೇ ಇವರಿಬ್ಬರಿಗೂ ತಿಳಿಯಿತು ಏನೋ ಇದೆ ಅಂತ. ಹೆಂಡತಿ ಹಿಂದೆ, ಮಾಮೂಲಿನಂತೆ ಪರ್ಸು ತೊಡೆಯ ಮೇಲೆ, ಗಂಡು ಯಾವ ಊರಿನವನಿರಬಹುದು ಅಂತ ಆಗಲೇ ಯೋಚಿಸುತ್ತಿದ್ದಳಂತೆ, ಆಮೇಲೆ ಅವಳೇ ಹೇಳಿದ್ದು. ಔಷಧಿ ಅಂಗಡಿ ದಾಟಿತು, ಪೆಟ್ರೋಲ್ ಬಂಕು ದಾಟಿತು. ಅಪ್ಪ, ಅಮ್ಮ, ನಮ್ಮ ಗಾಡಿಯಲ್ಲಿ ಹಿಂದೆ ಪೇಷಂಟ್ ಜೊತೆ ಕೂರೋ ನರ್ಸ್ ಇದ್ದಾಳಲ್ಲ, ನಾನು ಅವಳ ಜೊತೆ ಇರ್ತೀನಿ, ಫ್ರೆಂಡ್ ಥರ ಅಲ್ಲ, ನೀವಿಬ್ಬರು ಇದ್ದೀರಲ್ಲ, ಆ ಥರ — ಕಾರು ನಿಂತಿತು. ರಸ್ತೆಯ ನಟ್ಟನಡುವೆ, ಗಕ್ಕನೆ, ಎಂಜಿನ್ನು ಸತ್ತು, ಹಿಂದೆ ಟಯರುಗಳ ಕಿರ್ರೆನ್ನುವ ಸದ್ದು, ಬೈಗುಳ, ಹಾರ್ನು, ಅವಳ ಬ್ರೇಕಿನ ಮೇಲೆ ಅವಳ ಕಾಲಿರಲಿಲ್ಲ. ಹೆಂಡತಿಯ ಪರ್ಸು ಕೆಳಗೆ ಬಿದ್ದು ಚಿಲ್ಲರೆಯೆಲ್ಲ ಸೀಟಿನಡಿಗೆ ಉರುಳಿತು, ಅವಳು ಅದನ್ನು ಹೆಕ್ಕುತ್ತಾ, ಬಗ್ಗಿದ ತಲೆಯನ್ನು ಎತ್ತದೆ, ನಿಮ್ಮಪ್ಪ ಬ್ರೇಕ್ ಹಾಕಿದ್ರಲ್ಲ, ಇನ್ನು ನಾನು ಬೇರೆ ಹೇಳೋದೇನಿದೆ, ಅಂದಳು. ಗಂಡ ಹೆಂಡತಿಯ ಇಷ್ಟು ವರ್ಷದ ಸಂಸಾರದಲ್ಲಿ ಅವನ ಅಭಿಪ್ರಾಯವನ್ನು ಅವನನ್ನು ಕೇಳದೆಯೇ ಹೇಳುವುದು ಅವಳಿಗೆ ರೂಢಿ, ಸುಮ್ಮನಿರುವುದು ಅವನಿಗೆ ರೂಢಿ, ಆದರೆ ಮಗಳು ಕನ್ನಡಿಯನ್ನು ಸರಿಮಾಡಿಕೊಂಡು, ಸ್ಟಾರ್ಟ್ ಮಾಡಿ, ಇಂಡಿಕೇಟರ್ ಹಾಕಿ, ಒಂದು ತಪ್ಪೂ ಮಾಡದೆ ಅವರಿಬ್ಬರನ್ನೂ ಮನೆಗೆ ಬಿಟ್ಟು ನಡೆದುಕೊಂಡು ಹೋದಳು. ಆಮೇಲೆ ಅವನು ಫೋನು ಮಾಡಿದ್ದ, ಕಾಲು ಕಣೇ ಅದು, ಅಭ್ಯಾಸ, ನಿಂಗೆ ಗೊತ್ತಲ್ಲ ನನ್ನ ಕಾಲು. ಸರಿ ಅಪ್ಪ, ಅಂದಳು, ರೋಗಿಯ ಕಡೆಯವರಿಗೆ ಸಮಾಧಾನ ಹೇಳುವ ದನಿಯಲ್ಲಿ.

ಸೇತುವೆ. ಹೆಡ್ ಮಿಸ್ಸು ಉಸಿರು ಬಿಗಿ ಹಿಡಿದಿದ್ದಾರೆ, ಕೈಕಂಬಿಗಳು ಒಂದೊಂದಾಗಿ ಹಿಂದಕ್ಕೆ ಜಾರುತ್ತಿವೆ, ಉಸಿರಾಡಿ ಮೇಡಂ, ಸೇತುವೆ ದಾಟೋವರೆಗೂ ಉಸಿರು ಬಿಡಲೇಬಾರದು ಅಂತ ಏನೂ ಕಾನೂನಿಲ್ಲ — ಹಿಂದೆ ಸೈರನ್ನು. ದೂರದಲ್ಲಿ, ಆಮೇಲೆ ಹತ್ತಿರ, ಎಡಕ್ಕೆ ಮೇಡಂ, ಎಡಕ್ಕೆ, ಇನ್ನೂ ಸ್ವಲ್ಪ, ಅಲ್ಲೇ ನಿಲ್ಲಿಸಿ, ಎಷ್ಟು ಚೆನ್ನಾಗಿ ತೆಗೆದುಕೊಂಡಿರಿ ನೋಡಿ, ಹೂಂ ಮತ್ತೆ, ಯಾರದೋ ಜೀವ ಮೇಷ್ಟ್ರೇ, ಅಂಥ ಹೊತ್ತಲ್ಲಿ ಗೇರು ತಾನಾಗೇ ಬೀಳುತ್ತೆ — ಬಿಳಿ ಗಾಡಿ ಪಕ್ಕದಲ್ಲೇ ಹಾದುಹೋಗುತ್ತದೆ, ಓಡಿಸುವವನು ಯಾರೋ ಮೀಸೆಯವನು, ಮಗಳಿಗೆ ಇವತ್ತು ಈ ಊರಿನ ಕೆಲಸ ಮುಗಿದಿದೆಯಲ್ಲ, ಆದರೂ ಅವನ ಕಣ್ಣು ಹುಡುಕುವುದು ಮುಂದಿನ ಸೀಟಿಗೂ ಹಿಂದಿನ ಭಾಗಕ್ಕೂ ನಡುವೆ ಇರುವ ಆ ಚಿಕ್ಕ ಕಿಟಕಿಯನ್ನು. ಇದಕ್ಕೆಲ್ಲ ಮೊದಲು, ಹೆಂಡತಿಗೆ ಹೊಟ್ಟೆನೋವು ಬಂದು ಉರುಳಾಡಿದ ದಿನ ಬಂದದ್ದು ಮಗಳದೇ ಗಾಡಿ, ಅವನು ಮುಂದೆ ಮಗಳ ಪಕ್ಕದಲ್ಲಿ, ಹೆಂಡತಿ ಹಿಂದೆ ಮಲಗಿಕೊಂಡು, ಅವಳ ಪಕ್ಕದಲ್ಲಿ ಆ ನರ್ಸ್ ಹುಡುಗಿ, ಇಡೀ ಊರಿನ ಗದ್ದಲದ ಮಧ್ಯೆ ಆ ಚಿಕ್ಕ ಕಿಟಕಿಯಿಂದ ಮೆಲ್ಲನೆಯ ಒಂದು ದನಿ, ಮುಂದೆ ಗುಂಡಿ ಇದೆ, ಅಮ್ಮನಿಗೆ ನೋವಾಗುತ್ತೆ. ಅಷ್ಟೇ. ಮಗಳು ಯಾವ ಗುಂಡಿ ಅಂತ ಕೇಳಲಿಲ್ಲ, ಕಾರಿನಲ್ಲಾದರೆ ಅವನು ಹೇಳಿದ ಒಂದೊಂದಕ್ಕೂ ಎದುರು ವಾದಿಸುವವಳು, ತುಟಿ ಎರಡು ಮಾಡದೆ ವೇಗ ಇಳಿಸಿದಳು, ಗುಂಡಿ ಬಂತು, ಗಾಡಿ ಅದರಲ್ಲಿ ಮಗು ಇಳಿದ ಹಾಗೆ ಇಳಿದು ಹತ್ತಿತು. ಈಗ ಆಯ್ತು, ಹೋಗು, ಅಂದಿತು ಕಿಟಕಿ. ಗಾಡಿ ಹೋಯಿತು. ಮೂರು ದಿನ ಬಿಟ್ಟು ಆಸ್ಪತ್ರೆಯ ಹಾಸಿಗೆಯಲ್ಲಿ ಹೆಂಡತಿ, ಆ ಹುಡುಗಿ ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ ರೀ, ಎಷ್ಟು ಬೆಚ್ಚಗಿತ್ತು, ಯಾರ ಮನೆಯ ಮಗಳೋ, ಅಂದಿದ್ದಳು, ಈಗ ಆ ಮಾತು ನೆನಪಿಸಿದರೆ ಎದ್ದು ಹೋಗುತ್ತಾಳೆ. ಆದರೆ ಅವನನ್ನು ಈಗ ಹಿಡಿದಿರುವುದು ಅದಲ್ಲ, ಬೇರೆಯದು, ಆವತ್ತು ಅಷ್ಟು ವೇಗದಲ್ಲಿ, ಕೆಂಪು ದೀಪಗಳನ್ನೆಲ್ಲ ದಾಟಿಕೊಂಡು, ಎದುರಿನಿಂದ ಬಸ್ಸು ನುಗ್ಗಿ ಬರುವಾಗಲೂ, ಅವನ ಪಾದ ನೆಲ ಒತ್ತಿತ್ತಾ — ಒತ್ತಿರಲಿಲ್ಲ. ದಾರಿಯುದ್ದಕ್ಕೂ ಒಂದು ಸಲವೂ ಒತ್ತಿರಲಿಲ್ಲ. ಬಸ್ಸಿನಲ್ಲಿ ಒತ್ತುವ, ಊಟದ ಮೇಜಿನಡಿ ಒತ್ತುವ ಕಾಲು ಅಲ್ಲಿ ಬೆಕ್ಕಿನ ಹಾಗೆ ಮುದುಡಿ ಮಲಗಿತ್ತು, ಯಾಕೆಂದರೆ ಅವರಿಬ್ಬರ ಕೈಯಲ್ಲಿದ್ದಾಗ ಅವನಿಗೆ ಭಯವಿರಲಿಲ್ಲ. ಹಾಗಾದರೆ ಕಾಲಿಗೆ ತನ್ನದೇ ಬುದ್ಧಿ ಇಲ್ಲ. ಕಾಲು ಯಾವತ್ತೂ ತಾನಾಗೇ ಒತ್ತಿದ್ದಿಲ್ಲ, ಅವನು ಹೆದರಿದಾಗ ಒತ್ತಿದೆ, ಹೆದರದಾಗ ಒತ್ತಿಲ್ಲ, ಪೆಟ್ರೋಲ್ ಬಂಕು ದಾಟಿದ ಮೇಲೆ ರಸ್ತೆಯಲ್ಲಿ ನಾಯಿ ಇರಲಿಲ್ಲ, ಮಗು ಇರಲಿಲ್ಲ, ಲಾರಿ ಇರಲಿಲ್ಲ, ಮಗಳ ಒಂದು ಮಾತಿತ್ತು. ಬೆಳಿಗ್ಗೆಯಿಂದ ಬಾಯಲ್ಲಿ ತಿರುಗಿಸಿಕೊಂಡು ಬರುತ್ತಿದ್ದ ಮಾತು, ಕಾಲು ಕಣೇ, ಅಭ್ಯಾಸ ಕಣೇ, ಅನ್ನುವ ಮಾತು, ಸೇತುವೆ ಮುಗಿಯುವಷ್ಟರಲ್ಲಿ ಅವನ ಬಾಯಲ್ಲೇ ಹುಳಿಯಾಗುತ್ತದೆ. ಅದನ್ನು ಹೇಳುವುದಿಲ್ಲ. ಅದನ್ನು ಹೇಳಲಿಕ್ಕಾದರೆ ಇಲ್ಲಿಂದಲೇ ವಾಪಸು ತಿರುಗಿಸುವುದು ಮೇಲು. ವಾಪಸು ಹೋಗೋಣವಾ ಮೇಷ್ಟ್ರೇ, ಬೆವರ್ತಿದ್ದೀರಲ್ಲ. ಇಲ್ಲ ಮೇಡಂ, ನೇರ ಹೋಗಿ.

ನೇರ, ಆಸ್ಪತ್ರೆಯ ಗೋಡೆಗುಂಟ, ಹೂವಿನ ಅಂಗಡಿ, ಬೀಗ ರಿಪೇರಿಯವನ ಗೂಡು, ಒಣಹಾಕಿದ ಹಸಿರು ಬಟ್ಟೆಗಳ ಸಾಲು, ಮತ್ತೆ ಈಗ, ಒಂದನ್ನು ಒಪ್ಪಿಕೊಂಡ ಮೇಲೆ ಇನ್ನೊಂದೂ ಬಂದೇ ಬರುತ್ತದೆ, ಇಷ್ಟು ದಿನ ಅವನು ಹಾರ್ನಿನವರೆಗೂ ಬೈಗುಳದವರೆಗೂ ನೆನೆಸಿಕೊಂಡು ಅಲ್ಲಿಗೆ ನಿಲ್ಲಿಸಿಬಿಡುತ್ತಿದ್ದ, ನಡುವೆ ಒಂದಿತ್ತು, ಕಾರು ಗಕ್ಕೆಂದದ್ದಕ್ಕೂ ಹಾರ್ನಿಗೂ ನಡುವೆ — ಅವಳ ಎಡಗೈ. ಸ್ಟಿಯರಿಂಗಿನಿಂದ ಹಾರಿ ಬಂದು ಅವನ ಎದೆಗೆ ಅಡ್ಡವಾಗಿ ಬಿದ್ದ ಕೈ. ಅವನು ಮುಂದಕ್ಕೆ ಮುಗ್ಗರಿಸದ ಹಾಗೆ, ಬೆರಳು ಅಗಲಿಸಿ, ಅಂಗಿಯ ಗುಂಡಿಯ ಮೇಲೆ ಅಂಗೈ ಊರಿ, ಬೀಳುವ ಪಾತ್ರೆ ಹಿಡಿಯುವ ಹಾಗೆ ಹಿಡಿದದ್ದು. ಬ್ರೇಕು ಹಾಕಿದವನು ಅವನು, ಅವನ ಎದೆಯನ್ನು ಕಾದದ್ದು ಅವಳು. ಆ ಕೈ. ಹೆಂಡತಿ ಮಾತಾಡಿ ಮುಗಿಸಿದ ಮೇಲೆ ಅದು ತನ್ನ ಜಾಗಕ್ಕೆ ಹಿಂತಿರುಗಿತು. ಇಲ್ಲೇ ಬಲಕ್ಕೆ ಮೇಡಂ, ಏರು ಇದೆ, ಫಸ್ಟ್ ಗೇರು, ಫಸ್ಟ್ — ಏರಿನ ಅರ್ಧಕ್ಕೆ ವ್ಯಾನು ಕಾಣುತ್ತದೆ, ಹಿಂಬಾಗಿಲು ತೆರೆದು, ಹಾಸಿಗೆಯ ಸುರುಳಿ, ತಲೆಕೆಳಗಾದ ಕುರ್ಚಿಗಳು, ಮಗಳು ಗ್ಯಾಸಿನ ಒಲೆಯನ್ನು ಹೊಟ್ಟೆಗೆ ಅವುಚಿಕೊಂಡು ಮೆಟ್ಟಿಲಿಳಿಯುತ್ತಿದ್ದಾಳೆ, ಹಿಂದೆ ಆ ಹುಡುಗಿ, ತಲೆಗೆ ಟವೆಲು ಸುತ್ತಿಕೊಂಡು, ಒಂದು ಕೈಯಲ್ಲಿ ಫ್ಯಾನು. ಅವರಿಬ್ಬರನ್ನು ನೋಡಿಯೋ ಅಥವಾ ಏರನ್ನು ನೋಡಿಯೋ ಹೆಡ್ ಮಿಸ್ಸು ಕ್ಲಚ್ಚು ಬಿಟ್ಟುಬಿಟ್ಟರು, ಕಾರು ಒಂದು ಸಲ ಬಿಕ್ಕಿ ವ್ಯಾನಿನ ಮುಂದೆ ಅಡ್ಡಡ್ಡ ನಿಂತು ಸತ್ತಿತು. ಸ್ಟಾರ್ಟ್ ಮಾಡಿದರು, ಸತ್ತಿತು. ಇನ್ನೊಮ್ಮೆ. ವ್ಯಾನಿನವನು ಕೆಳಗಿಳಿದು, ನಾವೇನು ಇವತ್ತು ಹೋಗೋದಾ, ನಾಳೆನಾ ಮೇಡಂ. ಹೆಡ್ ಮಿಸ್ಸು ಕಿಟಕಿಯಿಂದ, ಯಾರಾದರೂ ಹುಟ್ಟುವಾಗಲೇ ಓಡಿಸ್ತಾರೇನಪ್ಪಾ, ನಿಂಗೆ ಯಾರು ಕಲಿಸಿದ್ದು, ಅವರಿಗೂ ಹೀಗೇ ಅಂದಿದ್ದೆಯಾ — ಮಗಳು ಒಲೆ ಕೆಳಗಿಟ್ಟಳು. ಮೊದಲು ಬೋರ್ಡನ್ನು ನೋಡಿದಳು, ಆಮೇಲೆ ಅವನನ್ನು. ನೆತ್ತಿ ಮೇಲೆ ಅವಳ ಹೆಸರು ನೆಟ್ಟಗೆ ಕೂತಿದೆ.

ಇಳೀರಿ ಮೇಡಂ, ನಾನು ತೆಗೀತೀನಿ. ಇಳೀತೀನಮ್ಮ, ನನ್ನ ಕಾಲೂ ಜೋಮು ಹಿಡಿದಿದೆ, ನೀನು ಇವರ ಮಗಳಾ, ಮೂಗು ಇವರದೇ. ಬಾಗಿಲು ಹಾಕಿಕೊಂಡಿತು. ಅವಳು ಸೀಟನ್ನು ಹಿಂದಕ್ಕೆ ತಳ್ಳಿಕೊಂಡಳು, ಕನ್ನಡಿ ಸರಿಮಾಡಿದಳು, ಬೆವರು, ಧೂಳು, ಅವಳ ಹಳೆಯ ಶಾಂಪೂವಿನ ವಾಸನೆ. ಅಮ್ಮನಿಗೆ ಹೇಳಿ ಬಂದ್ಯಾ. ಹೇಳಿ ಬಂದೆ. ಏನಂದ್ಲು. ಬೋರ್ಡು ವಾರೆ ಕೂತಿದೆ ಅಂದ್ಲು. ಅವಳು ಮೂಗಿನಲ್ಲೇ ನಕ್ಕ ಹಾಗಾಯಿತು, ನಕ್ಕಳೋ ಇಲ್ಲವೋ. ಅವನು ಗಾಜು ಏರಿಸಿದ. ಕಾರು ಓಡುತ್ತಿಲ್ಲ, ಓಡದ ಕಾರಿನಲ್ಲಿ ಅವರ ಮನೆಯವರು ಯಾವತ್ತೂ ಮಾತಾಡಿದವರಲ್ಲ, ಆದರೂ ಅವನು ತಿರುಗಿ ಕೂತು, ಅವಳ ಮುಖವನ್ನೇ ನೋಡಿಕೊಂಡು, ಆವತ್ತು ಕಾಲಲ್ಲ ಕಣೇ, ಅಂದ, ನಾನು. ನನಗೆ ಹೆದರಿಕೆ ಆಯ್ತು, ಒತ್ತಿದೆ. ಗೊತ್ತಪ್ಪ. ಗೊತ್ತಾ? ಕಾಲಾಗಿದ್ರೆ ಒತ್ತಿ ಬಿಡ್ತಿತ್ತು, ನೀನು ಒತ್ತಿಕೊಂಡೇ ಕೂತಿದ್ದೆ, ಅಮ್ಮ ಮಾತಾಡಿ ಮುಗಿಸೋವರೆಗೂ, ನಾನು ಸ್ಟಾರ್ಟ್ ಮಾಡಿದ್ರೂ ಗಾಡಿ ಹೊರಡ್ತಿರಲಿಲ್ಲ, ನೀನು ಕಾಲು ತೆಗೀಲಿ ಅಂತ ಕಾದೆ. ಅವನಿಗೆ ಅದು ಗೊತ್ತಿರಲಿಲ್ಲ. ಆದರೂ ನಿಲ್ಲಿಸಲಿಲ್ಲ, ಈಗ ನಿಲ್ಲಿಸಿದರೆ ಮುಗಿಯಿತು, ನೀನು ಅವಳ ಜೊತೆ ಇರು, ನಾನೂ ನಿಮ್ಮಮ್ಮನೂ ಇರೋ ಥರ ಅಂದೆಯಲ್ಲ, ಹಾಗೆ ಬೇಡ, ನಾವು ಬರೀ ಕಿತ್ತಾಡ್ತೀವಿ, ನಮಗಿಂತ ಚೆನ್ನಾಗಿರಿ, ನಾನು ಬರ್ತೀನಿ ಅಲ್ಲಿಗೆ, ಅಮ್ಮನ್ನೂ ಕರ್ಕೊಂಡು ಬರ್ತೀನಿ. ಅವಳು ಬರಲ್ಲಪ್ಪ. ಒಂದು ರೌಂಡು ಹೋಗಿಬರೋಣ ಅಂತ ಹಿಂದಿನ ಸೀಟಲ್ಲಿ ಕೂರಿಸ್ತೀನಿ, ಊರು ದಾಟಿದ ಮೇಲೆ ಹೇಳ್ತೀನಿ ಎಲ್ಲಿಗೆ ಅಂತ. ಬೈತಾಳೆ. ಬೈಲಿ, ದಾರಿ ಉದ್ದ ಇದೆ, ಬೈದು ಮುಗಿಯುತ್ತೆ. ಅವಳು ಕೀಲಿ ತಿರುಗಿಸಿದಳು, ಎಂಜಿನ್ನು ಎದ್ದಿತು, ಹಿಂದಕ್ಕೆ ತೆಗೀಬೇಕು, ಅಂದಳು, ಇಳಿಜಾರು, ಅಂದಳು, ಅವನು ಎರಡೂ ಪಾದಗಳನ್ನು ಹಿಂದಕ್ಕೆಳೆದು ಸೀಟಿನ ಬುಡಕ್ಕೆ ಒತ್ತಿಕೊಂಡು ಕೂತ, ಹೆದರಿಕೆ ಇದೆ, ಇರಲಿ, ಹಿಂದಿನ ಗಾಜಿನಾಚೆ ಇಳಿಜಾರಿನ ಕೆಳಗೆ ಟವೆಲು ಸುತ್ತಿದ ಆ ಹುಡುಗಿ ಓಡಿಬಂದು ನಿಂತಿದ್ದಾಳೆ, ಬಾ, ಬಾ, ಬಾ, ಜಾಗ ಇದೆ, ಇನ್ನೂ ಬಾ, ಮಗಳು ಕನ್ನಡಿಯನ್ನು ನಂಬದೆ ಅವನೇ ಕಲಿಸಿದ ಹಾಗೆ ಮೈಯನ್ನೇ ಹಿಂದಕ್ಕೆ ತಿರುಗಿಸುತ್ತಾಳೆ, ಅವಳ ಎಡಗೈ ಸ್ಟಿಯರಿಂಗು ಬಿಟ್ಟು ಏಳುತ್ತದೆ, ಅವನ ಕಡೆಗೆ ಬರುತ್ತದೆ, ಎದೆಯ ಮುಂದೆ ಅಲ್ಲ, ಅವನ ಕತ್ತಿನ ಹಿಂದೆ, ಸೀಟಿನ ಬೆನ್ನಿನ ಮೇಲೆ, ಅವಳ ಕೈ, ಒಲೆಯ ಮಸಿ ಹತ್ತಿದ ಬೆರಳು, ಮುಟ್ಟಿಲ್ಲ, ಕತ್ತಿನ ಕೂದಲಿಗೆ ಅದರ ಬಿಸಿ ಮಾತ್ರ ತಾಕುತ್ತಿದೆ, ಕಾರು ಜಾರುತ್ತಿದೆ, ಹಿಂದಕ್ಕೆ, ನಿಧಾನಕ್ಕೆ, ಆ ಕೈ, ಅವಳ ಕೈ, ಸೀಟಿನ ಮೇಲೆ